ಅಡಿಟಿಪ್ಪಣಿಗೆ ಜಾಗವಿಲ್ಲದ ಕವಿತೆ

ಕತೆ ಬರೆಯುವವರನ್ನು ಕಂಡಾಗ ಜನ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: “ಇದು ನಿಜವಾಗಿ ನಡೆದದ್ದಾ?” ಸಣ್ಣ ಪದ್ಯ ಬರೆಯುವವರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಮೂರ್ನಾಲ್ಕು ಸಾಲು ತಾನೇ, ಬಸ್ಸಿಗೆ ಕಾಯುತ್ತ ಗೀಚಿರಬೇಕು ಎಂದುಕೊಳ್ಳುತ್ತಾರೆ. ಹತ್ತಾರು ವರ್ಷ ಕತೆ ಬರೆದ ನಾವು ಮೂರು ಸಾಲಿನ ಪದ್ಯಗಳ ಕಡೆ ತಿರುಗಿದಾಗ ಗೆಳೆಯರೊಬ್ಬರು, “ಏನ್ರೀ, ಬರವಣಿಗೆಯಿಂದಲೂ ವಾಲಂಟರಿ ರಿಟೈರ್‌ಮೆಂಟ್ ತಗೊಂಡ್ರಾ?” ಎಂದು ನಕ್ಕರು. ನಾವೂ ನಕ್ಕೆವು. ಆದರೆ ನಮ್ಮ ಅನುಭವದಲ್ಲಿ ಹದಿನೈದು ಪುಟದ ಕತೆಗಿಂತ ಮೂರು ಸಾಲು ನಮ್ಮನ್ನು ಹೆಚ್ಚು ದಿನ ಕಾಯಿಸಿದೆ. ಕತೆಯಲ್ಲಿ ಒಂದು ಕಡೆ ಸೋತರೆ ಇನ್ನೊಂದು ಕಡೆ ಸರಿಮಾಡಿಕೊಳ್ಳಬಹುದು. ಮೂರು ಸಾಲಿನಲ್ಲಿ ಆ ‘ಇನ್ನೊಂದು ಕಡೆ’ಯೇ ಇರುವುದಿಲ್ಲ.

ಕನ್ನಡಕ್ಕೆ ಸಣ್ಣ ಪದ್ಯ ಹೊಸದೇನೂ ಅಲ್ಲ. ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಅದರ ಕಾಲ ಸುಮಾರು ಕ್ರಿ.ಶ. 700. ಒಬ್ಬ ವೀರನ ಗುಣವನ್ನು ಹೇಳಲು ಅಂದಿನ ಕವಿ ಆರಿಸಿಕೊಂಡದ್ದು ತ್ರಿಪದಿಯನ್ನು, ಅಂದರೆ ಮೂರೇ ಸಾಲಿನ ಮಟ್ಟನ್ನು. ಅದೇ ತ್ರಿಪದಿಯಲ್ಲಿ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ತವರನ್ನು ನೆನೆದು ಹಾಡಿದರು. ಅದರಲ್ಲೇ ಸರ್ವಜ್ಞ ಲೋಕಕ್ಕೆ ಬುದ್ಧಿ ಹೇಳಿದ. ನಮ್ಮ ಕಾಲಕ್ಕೆ ಹತ್ತಿರ ಬಂದರೆ ದಿನಕರ ದೇಸಾಯಿಯವರಿದ್ದಾರೆ (1909–1982). ಉತ್ತರ ಕನ್ನಡದ ರೈತರ, ಬಡವರ ಮಕ್ಕಳ ಶಾಲೆಗಳ ಕೆಲಸದಲ್ಲಿ ಓಡಾಡಿ, 1967ರಲ್ಲಿ ಲೋಕಸಭೆಗೂ ಹೋಗಿಬಂದ ಅವರು ಚೌಪದಿಯನ್ನು ಜನರ ನಾಲಗೆಯ ಮೇಲೆ ಕೂರಿಸಿದರು. ಆಮೇಲೆ ಡುಂಡಿರಾಜರಂಥವರು ಹನಿಗವನವನ್ನು ಮನೆಮಾತಾಗಿಸಿದರು. ವಾರಪತ್ರಿಕೆಯಲ್ಲಿ ಕತೆ ಮುಗಿದು ಉಳಿದ ಜಾಗದಲ್ಲಿ ಒಂದು ಹನಿಗವನ ಕೂತಿರುತ್ತಿತ್ತು. ಅದನ್ನೇ ಮೊದಲು ಓದುತ್ತಿದ್ದವರಲ್ಲಿ ನಾವೂ ಸೇರಿದ್ದೆವು.

ಈ ಪರಂಪರೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಇದರಲ್ಲಿ ಬಹುಪಾಲು ಪದ್ಯಗಳು ಕೊನೆಯ ಸಾಲಿನಲ್ಲಿ ಏನನ್ನೋ ಕೊಡುತ್ತವೆ. ಒಂದು ನೀತಿ, ಒಂದು ಕುಟುಕು, ಇಲ್ಲವೇ ಮಾತಿನ ಚಮತ್ಕಾರದಿಂದ ಒಂದು ನಗು. ಅಲ್ಲಿಗೆ ಲೆಕ್ಕ ಚುಕ್ತಾ. ನಾವಿಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ಸಣ್ಣ ಪದ್ಯದ ಬಗ್ಗೆ. ಅದು ಕಣ್ಣಮುಂದೆ ಹಾದುಹೋದ ಒಂದು ಗಳಿಗೆಯನ್ನು ತೋರಿಸಿ ಸುಮ್ಮನಾಗುತ್ತದೆ. ಅರ್ಥ ಹೇಳುವುದಿಲ್ಲ.

ನಮ್ಮ ಮಟ್ಟಿಗೆ ಇದರ ಮೊದಲ ಪಾಠ ಉರ್ದು ಶಾಲೆಯಲ್ಲಾಯಿತು. ಏಳನೆಯ ತರಗತಿಯವರೆಗೆ ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿದವರು ನಾವು. ಗಜಲ್ ಎಂದರೆ ಒಂದೇ ಕವಿತೆ ಎಂದು ಹೊರಗಿನವರು ತಿಳಿಯುತ್ತಾರೆ. ಅದರೊಳಗಿನ ಒಂದೊಂದು ಶೇರ್ ತನ್ನಷ್ಟಕ್ಕೆ ಪೂರ್ತಿ. ಎರಡೇ ಸಾಲು. ಹಿಂದಿನದಕ್ಕೂ ಮುಂದಿನದಕ್ಕೂ ಛಂದಸ್ಸು, ಪ್ರಾಸಗಳ ನಂಟು ಬಿಟ್ಟರೆ ಬೇರೆ ನಂಟು ಬೇಕಿಲ್ಲ. ಮುಷಾಯಿರಾದಲ್ಲಿ ಕವಿ ಮೊದಲ ಸಾಲನ್ನು ಓದಿ ನಿಲ್ಲುತ್ತಾನೆ, ಮತ್ತೆ ಅದನ್ನೇ ಓದುತ್ತಾನೆ. ಕೇಳುವವರು ಆ ಸಾಲನ್ನು ಎತ್ತಿಕೊಂಡು ತಾವೂ ಹೇಳುತ್ತಾರೆ. ಎರಡನೆಯ ಸಾಲು ಏನಿರಬಹುದೆಂದು ಸಭೆಯೆಲ್ಲ ಉಸಿರು ಹಿಡಿದು ಕೂತಿರುತ್ತದೆ. ಅದು ಬಂದು ಮನಸ್ಸಿಗೆ ನಾಟಿದರೆ “ಮುಕರ್ರರ್” ಎಂಬ ಕೂಗು. ಇನ್ನೊಮ್ಮೆ ಓದಿ ಎಂದು ಅರ್ಥ. ಎರಡು ಸಾಲನ್ನು ಕೇಳಲು ಇಷ್ಟು ಹೊತ್ತು ಕೊಡುವ ಜನರ ನಡುವೆ ಬೆಳೆದವರಿಗೆ ಸಣ್ಣ ಪದ್ಯ ಸಣ್ಣದು ಎನಿಸುವುದಿಲ್ಲ.

ಎರಡನೆಯ ಪಾಠ ಅಬ್ಬಾನ ಅಂಗಡಿಯಲ್ಲಾಯಿತು. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಅವರು ಟೈಲರ್. ಉರ್ದು ಬಲ್ಲವರು ಮೆಚ್ಚಿದ ಶೇರ್‌ಗಳನ್ನು ಬರೆದಿಟ್ಟುಕೊಳ್ಳುವ ಪುಸ್ತಕಕ್ಕೆ ಬಯಾಜ್ ಎನ್ನುತ್ತಾರೆ. ಬೇರೆ ಬಯಾಜ್ ಇಡುವಷ್ಟು ಪುರುಸೊತ್ತು ಅಬ್ಬಾನಿಗೆ ಇರಲಿಲ್ಲ. ಅವರ ಅಳತೆ ಪುಸ್ತಕವೇ ಬಯಾಜ್. ಗಿರಾಕಿಯ ಹೆಸರು, ಎದೆ, ತೋಳು, ಕಾಲರ್, ಉದ್ದ, ಕೊಡಬೇಕಾದ ದಿನ. ಅದರ ಪಕ್ಕದ ಖಾಲಿ ಅಂಚಿನಲ್ಲಿ ಉರ್ದು ಲಿಪಿಯಲ್ಲಿ ಎರಡು ಸಾಲು. ಕೆಲವು ಕೇಳಿದವು, ಕೆಲವು ಅವರವೇ. ಯಾವುದು ಯಾರದು ಎಂದು ಬರೆದಿರಲಿಲ್ಲ. ಕೇಳಿದರೆ, “ಚೆನ್ನಾಗಿದ್ದರೆ ಬೇರೆಯವರದು ಅಂದ್ಕೋ ಬೇಟಾ” ಎನ್ನುತ್ತಿದ್ದರು.

ಅವರದೇ ಎಂದು ನಮಗೆ ಖಾತ್ರಿಯಿರುವ ಒಂದರ ಅರ್ಥ ಹೀಗಿದೆ: ಚಾಂದ್ ರಾತ್ ಕಳೆಯಿತು, ಊರಿಗೆಲ್ಲ ಅಂಗಿ ಹೊಲಿದು ಆಯಿತು, ನನ್ನ ಬಟ್ಟೆಯ ತುಂಡು ಇನ್ನೂ ಗಂಟಿನಲ್ಲೇ ಇದೆ. ಹಬ್ಬದ ಹಿಂದಿನ ರಾತ್ರಿ ಟೈಲರ್ ಅಂಗಡಿಯಲ್ಲಿ ಕೂತು ನೋಡಿದವರಿಗೆ ಇದು ಗೊತ್ತು. ಅಬ್ಬಾ ಇದರಲ್ಲಿ ಯಾರ ಮೇಲೂ ದೂರು ಹೇಳಿಲ್ಲ. ಬಡತನ ಎಂಬ ಮಾತನ್ನು ಎತ್ತಿಲ್ಲ. ಗಂಟನ್ನು ತೋರಿಸಿ ದೀಪ ಆರಿಸಿದ್ದಾರೆ.

2018ರ ಆರಿದ್ರಾ ಮಳೆಯ ದಿನಗಳಲ್ಲಿ ಅಬ್ಬಾ ಆಸ್ಪತ್ರೆ ಸೇರಿದರು. ಹತ್ತೊಂಬತ್ತು ರಾತ್ರಿ ನಾವು ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆವು. ಅರ್ಧಕ್ಕೆ ನಿಂತಿದ್ದ ಕತೆಯೊಂದು ಚೀಲದಲ್ಲಿತ್ತು. ತೆಗೆದು ನೋಡಲೂ ಮನಸ್ಸಾಗಲಿಲ್ಲ. ಕತೆಗೆ ನಾಳೆ ಬೇಕು. ಪಾತ್ರ ನಾಳೆ ಏನು ಮಾಡುತ್ತದೆ, ಆಮೇಲೆ ಏನಾಗುತ್ತದೆ ಎಂಬ ಯೋಚನೆ ಬೇಕು. ಆ ವಾರ್ಡಿನಲ್ಲಿ ಯಾರೂ ನಾಳೆಯ ಮಾತಾಡುತ್ತಿರಲಿಲ್ಲ. ನರ್ಸ್ ಬಂದು ಸಲೈನ್ ಬಾಟಲಿ ಬದಲಾಯಿಸುವವರೆಗಿನ ಹೊತ್ತು, ಅಷ್ಟೇ ನಮ್ಮದು. ಔಷಧಿ ಚೀಟಿಯ ಹಿಂದೆ ದಿನಕ್ಕೊಂದು ಸಂಗತಿ ಬರೆಯತೊಡಗಿದೆವು. ಅದರಲ್ಲೊಂದು:

ಸಲೈನ್ ಬಾಟಲಿ
ಹನಿಗೊಮ್ಮೆ ಅಲುಗುವುದು
ಅಬ್ಬಾನ ಹೆಬ್ಬೆರಳು

ಇದು ಮೊದಲು ಆರು ಸಾಲಿತ್ತು. ‘ತಸ್ಬೀಹ್ ಎಣಿಸುವಂತೆ’ ಎಂಬ ಮಾತಿತ್ತು, ‘ನಿತ್ರಾಣ’ ಎಂಬ ಪದವಿತ್ತು, ನಮ್ಮ ಕಣ್ಣೀರೂ ಇತ್ತು. ದಿನಕ್ಕೊಂದು ತೆಗೆಯುತ್ತ ಬಂದೆವು. ಹೆಬ್ಬೆರಳು ಏಕೆ ಅಲುಗುತ್ತದೆ ಎಂಬುದನ್ನು ತಸ್ಬೀಹ್ ಹಿಡಿದ ಮನೆಯವರು ಹೇಳಿಸಿಕೊಳ್ಳದೆ ತಿಳಿಯುತ್ತಾರೆ. ತಿಳಿಯದವರಿಗೂ ಆ ಬೆರಳಿನಲ್ಲಿ ಇನ್ನೂ ಜೀವವಿದೆ ಎಂಬುದು ಕಾಣುತ್ತದೆ. ಬಟ್ಟೆ ಕತ್ತರಿಸುವವರ ಮನೆಯಲ್ಲಿ ಹುಟ್ಟಿದವರು ನಾವು. ಕತ್ತರಿ ಹಾಕುವ ಮುಂಚೆ ಎರಡು ಸಲ ಅಳೆಯಬೇಕೆಂದು ಕೇಳುತ್ತಲೇ ಬೆಳೆದಿದ್ದೆವು.

ಅಬ್ಬಾ ಹೋದ ಮೇಲೆ ಓದುತ್ತ ಹೋದಾಗ ಜಪಾನಿನ ಶಿಕಿ ಎಂಬ ಕವಿಯ ಬದುಕು ಎದುರಾಯಿತು. ಜಪಾನಿನಲ್ಲಿ ಹಲವರು ಕೂಡಿ ಕಟ್ಟುವ ಸರಣಿ ಪದ್ಯದ ಸಂಪ್ರದಾಯವಿತ್ತು. ಅದರ ಮೊದಲ ಮೂರು ತುಣುಕುಗಳ ಭಾಗಕ್ಕೆ ಹೊಕ್ಕು ಎಂದು ಹೆಸರು. ಬಾಶೋ (1644–1694) ಆ ಹೊಕ್ಕುವಿಗೆ ಆಳ ತಂದ. ಅದಕ್ಕೆ ಹಾಯ್ಕು ಎಂಬ ಹೆಸರು ಕೊಟ್ಟು, ತನ್ನ ಕಾಲ ಮೇಲೆ ನಿಲ್ಲುವ ಕವಿತೆಯಾಗಿ ನಿಲ್ಲಿಸಿದವನು ಶಿಕಿ (1867–1902). ಕ್ಷಯ ಅವನ ಬೆನ್ನುಮೂಳೆಗೆ ಇಳಿದಿತ್ತು. ಕೊನೆಯ ವರ್ಷಗಳನ್ನು ಹಾಸಿಗೆಯಲ್ಲೇ ಕಳೆದ. ಮಲಗಿದಲ್ಲಿಂದ ಕಾಣುವಷ್ಟು ತೋಟವೇ ಅವನ ಲೋಕವಾಯಿತು. ಮೂವತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡ. ಹಾಯ್ಕು ಎಂದರೆ ಬಿಡುವಾಗಿದ್ದವರು ಚೆರ್ರಿ ಹೂ ನೋಡುತ್ತ ಬರೆಯುವ ಪದ್ಯ ಎಂದುಕೊಂಡಿದ್ದವರಿಗೆ ಈ ಹಾಸಿಗೆಯ ನೆನಪು ಮಾಡಿಕೊಡಬೇಕೆನಿಸುತ್ತದೆ.

ಹಾಯ್ಕುವಿಗೆ 5–7–5, ಒಟ್ಟು ಹದಿನೇಳರ ಲೆಕ್ಕ ಎಂಬುದು ಎಲ್ಲರಿಗೂ ಗೊತ್ತು. ಹದಿನೇಳು ಏನು? ಕನ್ನಡದಲ್ಲಿ ಸಾಮಾನ್ಯವಾಗಿ ಅಕ್ಷರ ಎಣಿಸುತ್ತಾರೆ. ಆದರೆ ಜಪಾನೀಯರ ಎಣಿಕೆ ನಮ್ಮ ಮಾತ್ರೆಯ ಎಣಿಕೆಗೆ ಹೆಚ್ಚು ಹತ್ತಿರ. ದೀರ್ಘಕ್ಕೆ ಎರಡು, ಒತ್ತಿನ ತಡೆಗೆ ಒಂದು, ಕೊನೆಯ ‘ನ್’ಗೂ ಒಂದು. ಟೋಕ್ಯೋ ಎಂಬುದು ಅವರಿಗೆ ನಾಲ್ಕು. ನಮ್ಮ ಲಘು–ಗುರು ಹಾಕಿದರೂ ನಾಲ್ಕು ಮಾತ್ರೆ. ನಿಪ್ಪೋನ್ ಎಂಬ ಹೆಸರೂ ಎರಡೂ ಕಡೆ ನಾಲ್ಕೇ. ಉರ್ದು ಶಾಲೆಯಲ್ಲಿ ಶೇರ್ ಒಡೆದು ತಕ್ತೀ ಮಾಡಿದವರಿಗೂ, ಹೈಸ್ಕೂಲಿನಲ್ಲಿ ಪದ್ಯದ ಮೇಲೆ ಪ್ರಸ್ತಾರ ಹಾಕಿದವರಿಗೂ ಇದು ಪರಿಚಯದ ದಾರಿ. ಅಕ್ಷರಗಳ ತೂಕ ನೋಡುವ ಅಭ್ಯಾಸ ಮೂರೂ ಕಡೆ ಇದೆ.

ಮಾತ್ರೆಯ ಲೆಕ್ಕ ಹಿಡಿದರೆ ಕನ್ನಡದಲ್ಲಿ ಜಾಗ ಬಹಳ ಕಡಿಮೆ. ಹಾಗೆ ಬರೆದದ್ದು ಇದು:

ಮಳೆ ನಿಂತು
ಬಾಗಿಲ ಮೂಲೆ...
ಯಾರ ಕೊಡೆ?

ಅಬ್ಬಾನ ಮೂರನೆಯ ದಿನದ ಜಿಯಾರತ್ ಮುಗಿಸಿ ಬಂದವರೆಲ್ಲ ಹೊರಟಿದ್ದರು. ಅಷ್ಟು ಹೊತ್ತಿಗೆ ಮಳೆ ಬಿಟ್ಟಿತ್ತು. ಯಾರೋ ಒಬ್ಬರು ಕೊಡೆ ಮರೆತು ಹೋಗಿದ್ದರು. ಯಾರೂ ಕೇಳಿಕೊಂಡು ಬರಲಿಲ್ಲ. ಪದ್ಯದಲ್ಲಿ ಸಾವಿನ ಸುದ್ದಿಯಿಲ್ಲ, ಜಿಯಾರತ್ ಇಲ್ಲ. ಓದಿದ ಕೆಲವರಿಗೆ ಅದು ನೆಂಟರು ಬಂದುಹೋದ ಮನೆ. ಗಂಡ ಗಲ್ಫಿನಲ್ಲಿರುವ ಒಬ್ಬ ಓದುಗರು, “ನನಗೆ ಇದು ಅವರು ಹೊರಟ ದಿನ” ಎಂದು ಹೇಳಿದರು. ನಾವು ತಿದ್ದಲು ಹೋಗಲಿಲ್ಲ. ಎರಡನೆಯ ಸಾಲಿನ ಕೊನೆಯಲ್ಲೊಂದು ತಡೆ ಇದೆ. ಜಪಾನೀಯರು ಇಂಥ ತಡೆಗೆ ಬೇರೆಯೇ ಪದಗಳನ್ನು ಇಟ್ಟುಕೊಂಡಿದ್ದಾರೆ. ಆ ತಡೆಯಲ್ಲಿ ಓದುಗರು ಒಳಗೆ ಬರುತ್ತಾರೆ. ಬಂದವರು ತಮ್ಮ ಮನೆಯ ಕೊಡೆಯನ್ನೇ ತರುತ್ತಾರೆ.

ಹಾಯ್ಕುವಿಗೆ ಇನ್ನೊಂದು ನಿಯಮವಿದೆ. ಋತುವನ್ನು ಸೂಚಿಸುವ ಒಂದು ಪದ ಇರಬೇಕು. ಕನ್ನಡದಲ್ಲಿ ಇದಕ್ಕೆ ಬರವಿಲ್ಲ. ನಮ್ಮ ರೈತರು ಮಳೆಗಳಿಗೇ ಹೆಸರಿಟ್ಟಿದ್ದಾರೆ. ಆರಿದ್ರಾ ಎಂದರೆ ಜೂನ್ ಕೊನೆ, ಸ್ವಾತಿ ಎಂದರೆ ಅಕ್ಟೋಬರ್ ಕೊನೆ. ಆದರೆ ನಮ್ಮ ಮನೆಯ ಕೆಲವು ಪದಗಳು ಈ ನಿಯಮಕ್ಕೆ ಸಿಗುವುದಿಲ್ಲ. ಸಹರಿ ಎಂಬ ಪದವನ್ನೇ ನೋಡಿ. ಚಾಂದ್ರಮಾನದ ತಿಂಗಳು ವರ್ಷಕ್ಕೆ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು ಮೂವತ್ತಮೂರು ವರ್ಷಕ್ಕೆ ಒಂದು ಸುತ್ತು ಬರುತ್ತದೆ. ನಾವು ಮೊದಲ ರೋಜಾ ಹಿಡಿದದ್ದು ಏಪ್ರಿಲ್ ಸೆಕೆಯ ಬೇಸಿಗೆ ರಜೆಯಲ್ಲಿ. ಕಾಲೇಜಿನ ದಿನಗಳಲ್ಲಿ ರಮಜಾನ್ ಡಿಸೆಂಬರ್ ಚಳಿಗೆ ಬಂದಿತ್ತು. 2016ರಲ್ಲಿ ಜೂನ್ ಮಳೆಗೆ ಬಂತು. ನಲವತ್ತು ದಾಟಿದವರು ಎಲ್ಲ ಋತುಗಳ ಸಹರಿಯನ್ನೂ ಒಂದು ಸುತ್ತು ಉಂಡಿದ್ದೇವೆ. ಹಾಗಾಗಿ ಸಹರಿ ಎಂದರೆ ಸಾಲದು, ಯಾವ ಸಹರಿ ಎಂದು ಹೇಳಬೇಕು. ಕಾಲೇಜು ದಿನಗಳ ನೆನಪಿನಿಂದ ಒಂದು ಪದ್ಯ ಬರೆದಾಗ ಮೊದಲ ಸಾಲು ‘ಸಹರಿ ಹೊತ್ತು’ ಎಂದಿತ್ತು. ಒಂದೇ ಪದ ಬದಲಾಯಿಸಿದೆವು:

ಸಹರಿ ಮಂಜು
ಪಕ್ಕದ ಮನೆಯಲ್ಲೂ
ಹತ್ತಿತು ದೀಪ

ಇದು ಅಕ್ಷರದ ಲೆಕ್ಕದಲ್ಲಿದೆ. ‘ಮಂಜು’ ಬಂದದ್ದೇ ಚಳಿ ಬಂತು, ಕಂಬಳಿ ಬಂತು, ದೀಪದ ಬೆಳಕು ಮಸುಕಾಯಿತು.

ಪಕ್ಕದ ಮನೆ ಯಾರದು? ನಮ್ಮ ಬೀದಿಯಲ್ಲಿ ಆ ಮನೆಯವರು ಎಮ್ಮೆ ಸಾಕಿ ಹಾಲು ಹಾಕುತ್ತಿದ್ದರು. ಅಲ್ಲಿನ ಅಜ್ಜಿ ಹಾಲು ಕರೆಯಲು ನಾಲ್ಕೂವರೆಗೆ ಏಳುತ್ತಿದ್ದರು. ಅಂಗಳದಿಂದಲೇ ಅಬ್ಬಾನನ್ನು, “ಸಾಬ್ರೇ, ಎದ್ರಾ? ಹೊತ್ತಾಯ್ತು ನೋಡಿ” ಎಂದು ಕೂಗುತ್ತಿದ್ದರು. ಒಮ್ಮೆ ಸೌಹಾರ್ದ ಕವಿಗೋಷ್ಠಿಯೊಂದರ ಸಂಘಟಕರು ಈ ಪದ್ಯ ಕೇಳಿ ತುಂಬ ಮೆಚ್ಚಿದರು. ಮೆಚ್ಚಿ, “ಪಕ್ಕದ ಮನೆ ಹಿಂದೂಗಳದು ಅಂತ ಒಂದು ಸಾಲು ಸೇರಿಸಿಬಿಡಿ, ಸಂದೇಶ ಸ್ಪಷ್ಟವಾಗುತ್ತದೆ” ಎಂದರು. ಅವರ ಕಾಳಜಿ ಪ್ರಾಮಾಣಿಕವಾದದ್ದೇ. ಆದರೂ ನಾವು ಒಪ್ಪಲಿಲ್ಲ. ಆ ಅಜ್ಜಿ ಎದ್ದದ್ದು ಸೌಹಾರ್ದಕ್ಕಲ್ಲ, ಎಮ್ಮೆಗಾಗಿ. ಆಕೆಯ ದೀಪವೂ ನಮ್ಮ ದೀಪವೂ ಒಂದೇ ಮಂಜಿನಲ್ಲಿ ಉರಿದವು. ಅದಕ್ಕೆ ಧರ್ಮದ ಬೋರ್ಡು ಹಾಕಿದೊಡನೆ ಅಜ್ಜಿ ಮಾಯವಾಗಿ ಭಾಷಣ ಉಳಿಯುತ್ತದೆ. ಜನ ಜೊತೆಯಾಗಿ ಬದುಕಿದ್ದು ಇಂಥ ಹೆಸರಿಲ್ಲದ ಗಳಿಗೆಗಳಲ್ಲಿ. ಅದನ್ನು ಸಾಬೀತುಮಾಡಲು ಹೊರಟಾಗಲೇ ಏನೋ ಕೈತಪ್ಪಿದೆ ಎಂದು ಅರ್ಥ.

ಇದಕ್ಕೆ ನಾವು ಇಷ್ಟು ಹಟ ಹಿಡಿಯಲು ಕಾರಣವಿದೆ. ಕನ್ನಡದಲ್ಲಿ ಬರೆಯುವ ಮುಸ್ಲಿಮರು ಬಹುಕಾಲ ವಿವರಿಸುತ್ತಲೇ ಬಂದಿದ್ದೇವೆ. ಕತೆಯಲ್ಲಿ ಜಾನಮಾಜ್ ಎಂದು ಬಂದರೆ ಪುಟದ ಕೆಳಗೊಂದು ಚುಕ್ಕಿ, ಇದ್ದತ್ ಎಂದು ಬಂದರೆ ಇನ್ನೊಂದು ಚುಕ್ಕಿ. ಓದುಗರಿಗೆ ನೆರವಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಹೆಜ್ಜೆ ಹೆಜ್ಜೆಗೂ ವಿವರಣೆ ಕೊಡುವವರು ಕ್ರಮೇಣ ತಮ್ಮ ಮನೆಯನ್ನೇ ಹೊರಗಿನಿಂದ ನೋಡಲು ಕಲಿಯುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅದರಲ್ಲಿ ಅನುವಾದಕಿ ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬಿ ಪದಗಳಿಗೆ ಅಡಿಟಿಪ್ಪಣಿ ಹಾಕಲಿಲ್ಲ, ಅವನ್ನು ಓರೆ ಅಕ್ಷರದಲ್ಲೂ ಅಚ್ಚುಹಾಕಿಸಲಿಲ್ಲ. ಹೊರದೇಶದ ಓದುಗರು ಆ ಪದಗಳನ್ನು ಸಂದರ್ಭದಿಂದಲೇ ಹಿಡಿದುಕೊಂಡರು. ಅಷ್ಟು ದೂರದವರಿಗೆ ಸಾಧ್ಯವಾದದ್ದು ಅದೇ ಬೀದಿಯಲ್ಲಿ ಹಾಲು ಕೊಂಡುಕೊಳ್ಳುವ ನಮ್ಮ ನೆರೆಯವರಿಗೆ ಏಕೆ ಸಾಧ್ಯವಾಗಬಾರದು? ಮೂರು ಸಾಲಿನ ಪದ್ಯದಲ್ಲಂತೂ ಈ ಚರ್ಚೆಯೇ ಏಳುವುದಿಲ್ಲ. ಟಿಪ್ಪಣಿ ಹಾಕಿದರೆ ಅದು ಪದ್ಯಕ್ಕಿಂತ ಉದ್ದವಾಗುತ್ತದೆ!

ಮುಸ್ಲಿಮರ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ದೊಡ್ಡ ಸುದ್ದಿ. ಗಲಭೆ, ಕೋರ್ಟು, ಚುನಾವಣೆ, ಆಯೋಗದ ವರದಿ. ಅವೆಲ್ಲ ಬರಬೇಕಾದ್ದೇ. ಆದರೆ ಅವುಗಳ ನಡುವಿನ ದಿನಗಳಲ್ಲಿ ನಾವು ಹೇಗಿದ್ದೆವು? ಅಮ್ಮಿ ಇಫ್ತಾರಿಗೆ ಕೂತಾಗ ಅಜಾನ್ ಕೇಳಿಸಲೆಂದು ಫ್ಯಾನ್ ಆರಿಸುತ್ತಿದ್ದದ್ದು, ಸೂಜಿಗೆ ದಾರ ಪೋಣಿಸಲಾಗದೆ ದಾದಿ ಮೊಮ್ಮಗುವನ್ನು ಕೂಗುತ್ತಿದ್ದದ್ದು, ಇವು ಯಾವ ವರದಿಯಲ್ಲೂ ಇಲ್ಲ. ನಮ್ಮ ಮನೆಯ ದಖ್ಖನಿ ಮಾತಿನ ಎಷ್ಟೋ ಪದಗಳು ದಾದಿಯ ಜೊತೆಗೇ ಹೋದವು. ದೊಡ್ಡದನ್ನು ದಾಖಲಿಸಲು ಬಹಳ ಜನ ಇದ್ದಾರೆ. ಸಣ್ಣದನ್ನು ಕಂಡವರೇ ಬರೆದಿಡಬೇಕು.

ಈಗಿನ ಮಕ್ಕಳು ಬರೆಯುತ್ತಿಲ್ಲ ಎಂದು ನಾವು ಹೇಳುವುದಿಲ್ಲ. ವಾಟ್ಸ್ಆಪ್ ಸ್ಟೇಟಸ್‌ನಲ್ಲಿ ದಿನಕ್ಕೆ ಹತ್ತು ಸಾಲು ಹಾಕುತ್ತಾರೆ. ಅದು ಇಪ್ಪತ್ತನಾಲ್ಕು ಗಂಟೆಗೆ ಅಳಿಸಿಹೋಗುತ್ತದೆ. ಅದರಲ್ಲಿ ಕೆಲವಾದರೂ ಉಳಿಯಬೇಕಾದವು. ಯಾರಾದರೂ ಎಳೆಯರು ಹೇಗೆ ಬರೆಯಬೇಕು ಎಂದು ಕೇಳಿದರೆ ನಾವು ಹೇಳುವುದು ಇಷ್ಟೇ. ಕಂಡ ದಿನವೇ ಬರೆಯಿರಿ, ಪದ್ಯವಾಗದಿದ್ದರೂ ಸಂಗತಿಯನ್ನು ಬರೆಯಿರಿ, ತಾರೀಕು ಹಾಕಿ. ಒಂದು ವಾರ ಬಿಟ್ಟು ನೋಡಿ. ‘ಹಾಗೆ’, ‘ಅಂತೆ’ ಎಂಬ ಹೋಲಿಕೆಗಳನ್ನು ತೆಗೆದರೂ ನಿಲ್ಲುತ್ತದೆಯೇ ನೋಡಿ. ದುಃಖ, ಪ್ರೀತಿ, ಒಂಟಿತನ ಎಂಬ ಪದಗಳಿದ್ದರೆ ಅವುಗಳ ಜಾಗದಲ್ಲಿ ಕೈಯಿಂದ ಮುಟ್ಟಬಹುದಾದ ಒಂದು ವಸ್ತು ಇಡಿ. ಜೋರಾಗಿ ಒಮ್ಮೆ ಓದಿ. ಕೊನೆಗೆ, ನಿಮಗೆ ಬಹಳ ಹಿಡಿಸಿದ ಜಾಣ ಸಾಲಿದ್ದರೆ ಅದನ್ನು ಮೊದಲು ಅನುಮಾನಿಸಿ.

ಅಬ್ಬಾನ ಅಳತೆ ಪುಸ್ತಕದಲ್ಲಿ ಹೆಸರಿದ್ದ ಎಷ್ಟೋ ಜನ ಈಗಿಲ್ಲ. ಆ ಅಳತೆಯ ಅಂಗಿ ಹಾಕುವವರೂ ಇಲ್ಲ. ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರು ಎಂಬ ಅಂಕಿಗಳಿಂದ ಇಂದು ಯಾವ ಉಪಯೋಗವೂ ಇಲ್ಲ. ಪಕ್ಕದ ಎರಡೆರಡು ಸಾಲನ್ನು ಮಾತ್ರ ನಮ್ಮ ಮನೆಯ ಮಕ್ಕಳು ಕೇಳಿ ಓದಿಸಿಕೊಳ್ಳುತ್ತಾರೆ. ಅವರಿಗೆ ಉರ್ದು ಲಿಪಿ ಬರುವುದಿಲ್ಲ. ಆದ್ದರಿಂದ ದಿನಕ್ಕೊಂದರಂತೆ ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತಿದ್ದೇವೆ. ಅರ್ಥ ಬರೆದಿಲ್ಲ. ಬೇಕಾದವರು ಬಂದು ಕೇಳುತ್ತಾರೆ.